ದೇಶದ ಲೆಕ್ಕಕ್ಕೆ ಒಂದು ಮೊಣಕಾಲು

ಭಾರತ ದೇಶವು ತನ್ನ ಕೋಟ್ಯಂತರ ಮೊಣಕಾಲುಗಳ ನಡುವಿನಿಂದ ಭದ್ರಾವತಿ ಓಲ್ಡ್ ಟೌನಿನ ವಿಮಲಾ ಟೀಚರ ಎಡ ಮೊಣಕಾಲನ್ನು ಆರಿಸಿಕೊಂಡಿತು ಎಂಬ ಸಂಗತಿಯನ್ನು ಮೊದಲಿಗೇ, ಎದ್ದು ನಿಂತು ಹೇಳಬೇಕಾದ ಗಾಂಭೀರ್ಯದಿಂದ, ಹೇಳಿಬಿಡಬೇಕು. ಮಂತ್ರಿಮಂಡಲ ಬಿದ್ದಾಗಲೂ ಆ ಬೀದಿಯಲ್ಲಿ ಇಷ್ಟು ಚರ್ಚೆ ನಡೆದಿರಲಿಲ್ಲ. ಬಲ ಮೊಣಕಾಲನ್ನು ಯಾಕೆ ಬಿಟ್ಟರು ಎಂದು ಕೇಳಿದವರಿದ್ದರು. ಟೀಚರು ಅಷ್ಟು ವರ್ಷ ಬೋರ್ಡಿನ ಮುಂದೆ ಎಡಗಾಲಿನ ಮೇಲೇ ಭಾರ ಹಾಕಿ ನಿಂತಿದ್ದು ಸರ್ಕಾರಕ್ಕೆ ಗೊತ್ತಾಗಿದೆ ಎಂದು ಸಮಾಧಾನ ಹೇಳಿದವರೂ ಇದ್ದರು.

ಸುದ್ದಿ ತಂದವಳು ಶಿವಮೊಗ್ಗದ ದೀಪಶ್ರೀ. ಈ ದೇಶದ ಜನರ ಮೂಳೆ ಮತ್ತು ಕೀಲುಗಳು ಯಾವ ಸ್ಥಿತಿಯಲ್ಲಿವೆ ಎಂದು ಊರೂರಿಗೆ ಹೋಗಿ ತಿಳಿಯುವ ಒಂದು ಅಧ್ಯಯನ ಶುರುವಾಗಿತ್ತು. ಜಿಲ್ಲೆಯ ಪಾಲಿನ ಕೆಲಸವನ್ನು ಶಿವಮೊಗ್ಗದ ಒಂದು ಆಸ್ಪತ್ರೆ ವಹಿಸಿಕೊಂಡಿತ್ತು. ದೀಪಶ್ರೀ ಅಲ್ಲಿ ಕೆಲಸಕ್ಕಿದ್ದಳು. ಕುತ್ತಿಗೆಗೆ ಗುರುತಿನ ಚೀಟಿ, ತೊಡೆಯ ಮೇಲೆ ಟ್ಯಾಬು, ಮುಖದ ಮೇಲೆ ಬೆಳಗಿನಿಂದ ಒಂಬತ್ತು ಮನೆಯ ಕಾಫಿ ಕುಡಿದ ಸಂಕಟ.

"ನಂಗೆ ಮೊಣಕಾಲು ನೋವೇ ಇಲ್ವಲ್ಲಮ್ಮ," ಎಂದರು ವಿಮಲಾ ಟೀಚರು. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ತಮ್ಮ ಆರೋಗ್ಯದ ವಿಷಯದಲ್ಲಿ ಅವರಿಗೆ ಸ್ವಲ್ಪ ಜಂಭವಿತ್ತು.

"ನೋವಿಲ್ದೋರೂ ಬೇಕು ಮೇಡಂ. ನೋವಿರೋರನ್ನೇ ಹುಡುಕ್ಕೊಂಡು ಹೋಗಿ ಎಣಿಸಿದ್ರೆ ಇಡೀ ದೇಶ ಕುಂಟ್ತಾ ಇದೆ ಅಂತ ಲೆಕ್ಕ ಬರತ್ತೆ. ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹೆಸರು ಎತ್ತತ್ತೆ. ನಿಮ್ಮ ಹೆಸರು ಬಂದಿದೆ. ಬರೋ ಭಾನುವಾರ ಸಮುದಾಯ ಭವನದಲ್ಲಿ ಎಕ್ಸ್‌ರೇ ಕ್ಯಾಂಪು. ಈ ಟೋಕನ್ ತಗೊಂಡು ಬನ್ನಿ. ನಿಮ್ಮ ಬದಲು ಬೇರೆಯವರು ಬರೋ ಹಾಗಿಲ್ಲ, ಆಯ್ತಾ?"

ವಿಮಲಾ ಟೀಚರು ತಲೆಯಾಡಿಸಿದರು. ಇನ್‌ಸ್ಪೆಕ್ಷನ್‌ಗೆ ಬಂದ ಅಧಿಕಾರಿಗಳ ಮುಂದೆ ವೃತ್ತಿಯುದ್ದಕ್ಕೂ ಆಡಿಸಿ ಪಳಗಿದ ತಲೆ ಅದು. ಆಡಿತೆಂದರೆ ಒಪ್ಪಿತೆಂದು ಅರ್ಥವಲ್ಲ.

ಓಲ್ಡ್ ಟೌನಿನ ಆ ಬೀದಿಯಲ್ಲಿ ಒಂದು ಪದ್ಧತಿಯಿದೆ. ನಮಗೆ ಬೇಡದ್ದು ಬೇಕಾದವರಿಗೆ ಸೇರಬೇಕು. ತೋಟದಿಂದ ಬಂದ ಹಲಸಿನ ಹಣ್ಣು, ಮಿಕ್ಕ ಹೆಪ್ಪು, ಹೋಗಲು ಮನಸ್ಸಿಲ್ಲದ ಮದುವೆಯ ಕರೆಯೋಲೆ ಎಲ್ಲವೂ ಗೋಡೆಯ ಮೇಲಿಂದ ಆಚೆ ಮನೆಗೆ ದಾಟುತ್ತವೆ. ಪುಕ್ಕಟೆ ಎಕ್ಸ್‌ರೇಯನ್ನು ನೋವಿಲ್ಲದ ಕಾಲಿಗೆ ತೆಗೆಸುವುದೆಂದರೆ ಉಂಡವನ ಎಲೆಗೆ ಮತ್ತೆ ಹೋಳಿಗೆ ಬಡಿಸಿದ ಹಾಗೆ ಎಂದು ಟೀಚರಿಗೆ ಅನ್ನಿಸಿತು. ಪಕ್ಕದ ಮನೆಯ ಪುಷ್ಪಮ್ಮ ಮೆಟ್ಟಿಲು ಇಳಿಯುವಾಗ ಶಿವಶಿವಾ ಎನ್ನುವುದನ್ನು ಅವರು ದಿನಾ ಕೇಳುತ್ತಿದ್ದರು. ಟೋಕನ್ ಅಂದು ಸಂಜೆಯೇ ಗೋಡೆ ದಾಟಿತು.

"ಹೆಸರು ಕೇಳಿದ್ರೆ ವಿಮಲಾ ಅನ್ನಿ. ಅಷ್ಟೇ."

"ಅಯ್ಯೋ, ಅಷ್ಟು ಗೊತ್ತಾಗಲ್ವಾ ಮಾರಾಯ್ತಿ," ಎಂದಿದ್ದರು ಪುಷ್ಪಮ್ಮ.

ಕೆಲವು ವಾರ ಕಳೆದ ಮೇಲೆ, ಟೀಚರು ಬೆಳಗಿನ ಪೇಪರಿನ ಪದಬಂಧದಲ್ಲಿ ಮುಳುಗಿದ್ದಾಗ ಫೋನು ಬಂತು.

"ವಿಮಲಾ ಮೇಡಂ, ನಾನು ದೀಪಶ್ರೀ. ಗಾಬರಿ ಆಗ್ಬೇಡಿ."

ಗಾಬರಿ ಆಗಬೇಡಿ ಎಂದು ಶುರುವಾದ ಮಾತನ್ನು ಗಾಬರಿಯಿಲ್ಲದೆ ಕೇಳಿದವರು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಟೀಚರು ಪೆನ್ನು ಕೆಳಗಿಟ್ಟರು.

"ನಿಮ್ಮ ಎಕ್ಸ್‌ರೇಲಿ ಮೊಣಕಾಲಿನ ಮೂಳೆ ಪಕ್ಕ ಒಂದು ನೆರಳು ಕಾಣ್ತಾ ಇದೆ. ಮೋಡ ಮೋಡದ ಥರ. ಏನೂ ಇಲ್ದೇನೂ ಇರಬಹುದು. ಆದ್ರೆ ಗಡ್ಡೆ ಅಲ್ಲ ಅಂತ ಖಾತ್ರಿ ಮಾಡ್ಕೋಬೇಕು ಅಂದ್ರು ನಮ್ಮ ಆಸ್ಪತ್ರೆ ಸುಘೋಷ ಡಾಕ್ಟ್ರು. ತಡ ಮಾಡೋದು ಬೇಡ. ನಾಳೆ ಶಿವಮೊಗ್ಗಕ್ಕೆ ಬರ್ತೀರಾ?"

ಬರುತ್ತೇನೆ ಎಂದು ಫೋನಿಟ್ಟ ಮೇಲೆ ವಿಮಲಾ ಟೀಚರಿಗೆ ಮೊದಲು ಆದದ್ದು ನಿರಾಳ. ಕಾಲು ನನ್ನದಲ್ಲ! ಆ ನಿರಾಳ ಒಂದು ಗುಟುಕು ಕಾಫಿ ನುಂಗುವಷ್ಟು ಹೊತ್ತು ಇತ್ತು. ಎರಡನೇ ಗುಟುಕಿಗೆ, ಹಾಗಾದರೆ ಅದು ಪುಷ್ಪಮ್ಮನದು ಎಂಬುದು ಹೊಳೆದು ಲೋಟ ಹಾಗೇ ಉಳಿಯಿತು.

ಪುಷ್ಪಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಟೀಚರು ಗೋಡೆಯ ಈಚೆ ನಿಂತು ಎರಡು ಸಲ ಕೆಮ್ಮಿದರು.

"ಪುಷ್ಪಮ್ಮ, ಕೂತ್ಕೊಳಿ."

"ಎಲ್ಲಿ ಕೂತ್ಕೊಳ್ಲಿ, ಬಟ್ಟೆ ಕಲ್ಲಿನ ಮೇಲಾ? ಏನು ವಿಷ್ಯ ಹೇಳಿ."

ಟೀಚರು ಹೇಳಿದರು. ಗಡ್ಡೆ ಎಂಬ ಪದವನ್ನು ಆದಷ್ಟು ಮೆತ್ತಗೆ ಹೇಳಿದರು. ಪುಷ್ಪಮ್ಮ ಕೈಯಲ್ಲಿದ್ದ ಲಂಗವನ್ನು ಎದೆಗವಚಿಕೊಂಡು ಒಂದು ಕ್ಷಣ ನಿಂತರು. ಆಮೇಲೆ ಅವರ ಮುಖದಲ್ಲಿ ನಿಧಾನವಾಗಿ ಒಂದು ನಿರಾಳ ಹರಡಿತು. ಸ್ವಲ್ಪ ಹೊತ್ತಿನ ಹಿಂದೆ ತಮ್ಮ ಮುಖದಲ್ಲೂ ಇದ್ದದ್ದು ಇದೇ ಎಂದು ಟೀಚರಿಗೆ ಗುರುತು ಸಿಕ್ಕಿತು.

"ನಾನು ಹೋಗ್ಲೇ ಇಲ್ಲ ಟೀಚರೇ! ಅವತ್ತು ಹೊಳೆಹೊನ್ನೂರಿಂದ ನಮ್ಮ ನಾದಿನಿ ಬಂದ್ಬಿಟ್ಲು. ಟೋಕನ್ ಸುಮ್ನೆ ಹಾಳಾಗತ್ತಲ್ಲ ಅಂತ ಕೊಟ್ಟೆ."

"ಯಾರಿಗೆ ಕೊಟ್ರಿ?"

ಪುಷ್ಪಮ್ಮ ಉತ್ತರ ಕೊಡುವ ಮೊದಲು ಲಂಗವನ್ನು ತಂತಿಗೆ ಹಾಕಿ, ಸುಕ್ಕು ಬಿಡಿಸಿ, ಕ್ಲಿಪ್ಪು ಸಿಕ್ಕಿಸಿದರು.

"ಬಯ್ಬಾರದು. ಕಾಶಮ್ಮಂಗೆ."

ಕಾಶಮ್ಮ ಇದ್ದದ್ದು ಎದುರು ಸಾಲಿನಲ್ಲಿ. ಮನೆಯಲ್ಲೇ ರೊಟ್ಟಿ ತಟ್ಟಿ ಖಾನಾವಳಿಗಳಿಗೆ ಕೊಡುವವರು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ನೆಲದ ಒಲೆಯ ಮುಂದೆ ಕಾಲು ಮಡಚಿ ಕೂರುವುದೇ ಅವರ ಜೀವನ. ವಿಮಲಾ ಟೀಚರಿಗೂ ಅವರಿಗೂ ಮಾತು ನಿಂತು ವರ್ಷಗಳಾಗಿದ್ದವು. ಟೀಚರು ಹಬ್ಬಕ್ಕೆಂದು ಮುಂದಿನ ಕಾಂಪೌಂಡಿಗೆ ಸುಣ್ಣ ಹೊಡೆಸಿದ ದಿನ, ಬೀದಿಯ ಕಟ್ಟೆಯ ಮೇಲೆ ಒಣಗಿದ್ದ ಕಾಶಮ್ಮನ ಸಂಡಿಗೆಗೆ ಸುಣ್ಣ ಸಿಡಿದಿತ್ತು. "ಕಟ್ಟೆ ಮುನ್ಸಿಪಾಲ್ಟೀದು" ಎಂದು ಟೀಚರು ಅಂದರು. "ಗಾಳಿ ಯಾರಪ್ಪಂದು" ಎಂದು ಕಾಶಮ್ಮ ಕೇಳಿದರು. ಅಲ್ಲಿಂದಾಚೆ ಇಬ್ಬರೂ ಒಬ್ಬರ ಬಗ್ಗೆ ಒಬ್ಬರು ಪುಷ್ಪಮ್ಮನ ಬಳಿ ಮಾತ್ರ ಮಾತಾಡುತ್ತಿದ್ದರು.

"ಅವಳ ಅಕ್ಕ ಗಡ್ಡೆ ಆಗಿಯೇ ಹೋಗಿದ್ದು," ಎಂದರು ಪುಷ್ಪಮ್ಮ, ದನಿ ಇಳಿಸಿ. "ನಾನಂತೂ ಹೇಳಲ್ಲ. ನಂಗೆ ಧೈರ್ಯ ಇಲ್ಲ."

ಟೀಚರು ಮನೆಯೊಳಗೆ ಹೋಗಿ ಸೋಫಾದ ಮೇಲೆ ಕೂತರು. ಸುಮ್ಮನಿದ್ದರೂ ಯಾರೂ ಕೇಳುವವರಿರಲಿಲ್ಲ. ನಾಳೆ ತಾವೇ ಶಿವಮೊಗ್ಗಕ್ಕೆ ಹೋಗಿ ಸ್ವಂತ ಕಾಲನ್ನು ತೋರಿಸಿದರೆ, ನೆರಳು ಮಾಯವಾಯಿತು ಎಂದು ಡಾಕ್ಟರು ಬೆರಗಾಗುತ್ತಾರೆ, ದೀಪಶ್ರೀ ದೇವರಿಗೆ ಕೈ ಮುಗಿಯುತ್ತಾಳೆ, ಮುಗಿಯಿತು. ನೆರಳು ಮಾತ್ರ ಎದುರು ಸಾಲಿನಲ್ಲಿ, ಒಲೆಯ ಮುಂದೆ, ಮಡಚಿಕೊಂಡು ಕೂತೇ ಇರುತ್ತದೆ. ಬೆಳೆಯುವ ಜಾತಿಯದಾದರೆ ಬೆಳೆಯುತ್ತಲೂ ಇರುತ್ತದೆ. ವಿಮಲಾ ಟೀಚರು ಚಪ್ಪಲಿ ಮೆಟ್ಟಿದರು. ಬೀದಿಯ ಅಗಲ ಅಂದು ಯಾಕೋ ಹೆಚ್ಚಾಗಿತ್ತು.

ಕಾಶಮ್ಮ ಬಾಗಿಲಲ್ಲಿ ಟೀಚರನ್ನು ನೋಡಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಏನು ಬೇಕಿತ್ತು? ರೊಟ್ಟಿ ಆದ್ರೆ ಇವತ್ತಿಂದೆಲ್ಲ ಆರ್ಡರ್ ಇದೆ."

"ನೀವು ನನ್ನ ಹೆಸರಲ್ಲಿ ಎಕ್ಸ್‌ರೇಗೆ ಹೋಗಿದ್ರಂತೆ."

"ಹೋಗಿದ್ದೆ. ಹೆಸರೇನೂ ಸವೆದಿಲ್ಲ, ಹಾಗೇ ವಾಪಸ್ ತಂದಿದ್ದೀನಿ."

"ಅದರಲ್ಲಿ ಏನೋ ನೆರಳು ಕಾಣ್ತಾ ಇದೆಯಂತೆ ಕಾಶಮ್ಮೋರೆ. ಡಾಕ್ಟ್ರು ನಾಳೆ ಬರಕ್ಕೆ ಹೇಳಿದ್ದಾರೆ. ಏನೂ ಇಲ್ದೇನೂ ಇರಬಹುದು..."

ತಟ್ಟುವ ಸದ್ದು ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಉಬ್ಬಿ, ಹೊಗೆಯಾಡಿ, ಕರಕಾಗತೊಡಗಿತು. ಕಾಶಮ್ಮ ಅದನ್ನು ತಿರುವಲಿಲ್ಲ. ಟೀಚರೇ ಬಗ್ಗಿ ಇಕ್ಕಳದಲ್ಲಿ ಎತ್ತಿ ಪಕ್ಕಕ್ಕಿಟ್ಟರು.

"ಗಡ್ಡೆಯಾ?" ಎಂದರು ಕಾಶಮ್ಮ.

"ಅಲ್ಲ ಅಂತ ನೋಡೋದಕ್ಕೇ ಕರ್ದಿರೋದು."

ಕಾಶಮ್ಮ ಕೈಯ ಹಿಟ್ಟು ಉಜ್ಜಿಕೊಳ್ಳುತ್ತ ಒಲೆಯನ್ನೇ ನೋಡಿದರು. ಆಮೇಲೆ ಗಲ್ಲ ಮೇಲೆತ್ತಿ, "ನಾನು ಬರಲ್ಲ. ಫೋಟೋ ನಿಮ್ಮ ಹೆಸರಲ್ಲಿದೆ. ಕಾಯಿಲೆನೂ ನಿಮ್ದೇ," ಎಂದರು.

"ಹೆಸರು ನಂದು, ಕಾಲು ನಿಮ್ದಲ್ವಾ."

"ಸರ್ಕಾರದೋರು ನಂಬೋದು ಹೆಸರನ್ನೇ ಟೀಚರೇ. ನನ್ನ ರೇಷನ್ ಕಾರ್ಡಲ್ಲಿ ಹೆಸರಿಲ್ದೆ ಮೂರು ವರ್ಷ ಅಕ್ಕಿನೇ ಕೊಡ್ಲಿಲ್ಲ. ನಾನು ಬದುಕೇ ಇದ್ದೆ."

ಟೀಚರು ಗೋಡೆ ಹಿಡಿದು ಮೆಲ್ಲಗೆ ನೆಲದ ಮೇಲೆ ಕೂತರು. ಕಾಶಮ್ಮನ ಮನೆಯಲ್ಲಿ ಸೋಫಾ ಇರಲಿಲ್ಲ. ಕೂರುವಾಗ ಮೊಣಕಾಲು ಲಟಕ್ ಎಂದಿತು. ಇಬ್ಬರೂ ಕೇಳಿಸದ ಹಾಗೆ ಇದ್ದರು.

"ನಾನು ಜೊತೆಗೆ ಬರ್ತೀನಿ," ಎಂದರು ಟೀಚರು. "ಏನೇ ಅಂದ್ರೂ ಮೊದ್ಲು ನಂಗೆ ಹೇಳ್ತಾರೆ. ನಾನು ನೋಡಿಕೊಂಡು ನಿಮಗೆ ಹೇಳ್ತೀನಿ. ಆಗ್ಬಹುದಾ?"

ಕಾಶಮ್ಮ ಕರಕಾದ ರೊಟ್ಟಿಯನ್ನು ದೂರ ಸರಿಸಿದರು. "ಪುಷ್ಪಮ್ಮನೂ ಬರ್ಬೇಕು. ಇದೆಲ್ಲ ಹಚ್ಚಿದ್ದು ಅವಳೇ."

ಮರುದಿನ ಶಿವಮೊಗ್ಗದ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತರು. ನಡುವೆ ಪುಷ್ಪಮ್ಮ, ಹಳೆಯ ಅಭ್ಯಾಸದಂತೆ. ಕಾಶಮ್ಮ ಕಿಟಕಿಯಾಚೆ ನೋಡುತ್ತಿದ್ದರು. ಮೊಣಕಾಲಿನ ಮೇಲೆ ಅಂಗೈ ಒತ್ತಿಕೊಂಡಿದ್ದರು. ಒಳಗಿರುವುದು ಅಲ್ಲಾಡದಂತೆ ಹಿಡಿದುಕೊಂಡ ಹಾಗಿತ್ತು ಅದು. ಕಂಡಕ್ಟರು ಬಂದಾಗ ಟೀಚರೂ ಪುಷ್ಪಮ್ಮನೂ ಟಿಕೆಟ್ಟಿಗಾಗಿ ಕೈ ಕೈ ಹಿಡಿದು ಜಗಳವಾಡಿದರು. ಸಾಮಾನ್ಯ ದಿನವಾಗಿದ್ದರೆ ಕಾಶಮ್ಮನೂ ಸೇರುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಸುಘೋಷರು ಕಂಪ್ಯೂಟರಿನ ಹಿಂದೆ ಕೂತಿದ್ದರು. ಸೌಮ್ಯ ಮನುಷ್ಯ, ಯಾರ ಮುಖಕ್ಕಿಂತಲೂ ಮೊದಲು ಅವರ ನಡಿಗೆ ನೋಡುವ ಅಭ್ಯಾಸ. ಪಕ್ಕದಲ್ಲಿ ದೀಪಶ್ರೀ ನಿಂತಿದ್ದಳು. ಕ್ಯಾಂಪಿನ ದಿನ ಅವಳನ್ನು ಸಾಗರದ ಕಡೆ ಕಳಿಸಿದ್ದರಿಂದ ಅವಳಿಗೆ ಏನೂ ಗೊತ್ತಿರಲಿಲ್ಲ.

"ವಿಮಲಾ ಅವ್ರು ಯಾರು?"

"ನಾನು," ಎಂದರು ಟೀಚರು.

"ನಾನು," ಎಂದರು ಕಾಶಮ್ಮ, ಒಪ್ಪಂದ ಮರೆತು.

ಪುಷ್ಪಮ್ಮ ಫ್ಯಾನು ನೋಡಿದರು.

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಪರದೆಯ ಮೇಲಿದ್ದದ್ದನ್ನು ಓದಿದರು. "ಎಡಗಾಲು. ಮೆಟ್ಟಿಲು ಹತ್ತುವಾಗ ತುಂಬಾ ನೋವು ಅಂತಿದೆ. ಕೆಲಸ... ನಿವೃತ್ತ ಶಿಕ್ಷಕಿ. ನೆಲದ ಮೇಲೆ ಕೂರೋದು ಇಲ್ಲ. ದಿನವಿಡೀ ಸೋಫಾ ಮೇಲೆ ಅಂತ ಬರೆಸಿದ್ದೀರಿ. ಭಾರ ಎತ್ತೋದು... ಪೇಪರ್ ಮಾತ್ರ?"

ವಿಮಲಾ ಟೀಚರು ನಿಧಾನವಾಗಿ ಕಾಶಮ್ಮನ ಕಡೆ ತಿರುಗಿದರು. ಕಾಶಮ್ಮ ಗೋಡೆಯ ಮೇಲಿನ ಬೆನ್ನುಮೂಳೆಯ ಚಿತ್ರದಲ್ಲಿ ಆಸಕ್ತಿ ತೋರಿಸತೊಡಗಿದರು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಟೀಚರು ಟೋಕನ್ ಪ್ರಯಾಣ ಮಾಡಿದ ದಾರಿಯನ್ನು ಮೊದಲಿನಿಂದ ಹೇಳಿದರು. ಕೇಳುತ್ತ ಕೇಳುತ್ತ ದೀಪಶ್ರೀ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದಳು.

"ಮೇಡಂ, ನಾನು ಹೇಳಿದ್ದೆನಲ್ಲ, ಬೇರೆಯವರು ಬರೋ ಹಾಗಿಲ್ಲ ಅಂತ!"

"ಹೇಳಿದ್ದೆ ಕಣಮ್ಮ. ಬೇರೆಯವರು ಅಂದ್ರೆ ಬೇರೆ ಬೀದಿಯವರು ಅಂದ್ಕೊಂಡ್ವಿ," ಎಂದರು ಪುಷ್ಪಮ್ಮ. ಅವರಿಗೆ ಅದು ನಿಜವಾಗಿಯೂ ಹಾಗೇ ಅನ್ನಿಸಿತ್ತು.

ಡಾಕ್ಟರು ನಗಲಿಲ್ಲ. "ಅದನ್ನೆಲ್ಲ ಆಮೇಲೆ ನೋಡೋಣ. ಮೊದ್ಲು ಆ ಕಾಲು ಯಾರ್ದೋ ಅವ್ರದ್ದು ಇನ್ನೊಂದು ಫೋಟೋ ಆಗ್ಲಿ." ಪರದೆಯನ್ನು ಇತ್ತ ತಿರುಗಿಸಿದರು. ಬೆಳ್ಳಗಿನ ಮೂಳೆಯ ಪಕ್ಕದಲ್ಲಿ, ಹೌದು, ಮೋಡದಂಥದ್ದು ಹರಡಿತ್ತು. ಅಂಚು ಚೂರುಚೂರಾಗಿ, ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ತಿಳಿಯದ ಹಾಗೆ. "ಇಂಥದ್ದನ್ನ ನಾವು ಅಲಕ್ಷ್ಯ ಮಾಡೋ ಹಾಗಿಲ್ಲ," ಎಂದರು.

ಕಾಶಮ್ಮ ಅದನ್ನು ಒಮ್ಮೆ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಎಕ್ಸ್‌ರೇ ಕೋಣೆಯ ಬಾಗಿಲವರೆಗೆ ವಿಮಲಾ ಟೀಚರು ಅವರ ತೋಳು ಹಿಡಿದು ನಡೆಸಿದರು. ಬಾಗಿಲಲ್ಲಿ ಕಾಶಮ್ಮ ತಿರುಗಿ, "ಸೋಫಾ ವಿಷ್ಯ ಮನಸ್ಸಿಗೆ ಹಚ್ಕೋಬೇಡಿ," ಎಂದರು.

"ನೀವು ವಾಪಸ್ ಬನ್ನಿ. ಆಮೇಲೆ ಜಗಳ ಆಡೋಣ," ಎಂದರು ಟೀಚರು.

ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಕೂತು ಟೀಚರು ತಾವು ಕಲಿಸಿದ ಶ್ಲೋಕಗಳಲ್ಲಿ ಸಂದರ್ಭಕ್ಕೆ ತಕ್ಕದ್ದನ್ನು ಹುಡುಕಿದರು. ಒಂದೂ ಸಿಗಲಿಲ್ಲ. ಒಂದು ಟೋಕನ್ನು, ಅಷ್ಟೇ. ತಾವೇ ಹೋಗಿದ್ದರೆ ಈ ನೆರಳನ್ನು ಯಾರೂ ನೋಡುತ್ತಲೇ ಇರಲಿಲ್ಲವೆಂಬುದೂ ನಿಜ. ಒಳ್ಳೆಯದು ಮಾಡಿದೆನೋ ಕೆಟ್ಟದ್ದೋ ಎಂದು ಅವರಿಗೆ ಬಗೆಹರಿಯಲಿಲ್ಲ.

ಒಳಗಿನಿಂದ ಒಂದು ಹೆಂಗಸಿನ ದನಿ ಏರಿತು.

"ಅಮ್ಮಾ, ಸೀರೆ ಇನ್ನೂ ಮೇಲೆ ತಗೊಳಿ. ನಾನೂ ಹೆಂಗಸೇ, ನಾಚ್ಕೋಬೇಡಿ. ಅಯ್ಯೋ, ಇದೇನಿದು? ರಕ್ತವಾ?"

"ರಕ್ತ ಅಲ್ಲಮ್ಮ. ಅರಿಶಿನ ಸುಣ್ಣದ ಪಟ್ಟು. ಕಲಸಿದ್ರೆ ಕೆಂಪಾಗತ್ತೆ."

"ಇಷ್ಟು ದಪ್ಪನಾ!"

"ಆಸ್ಪತ್ರೆಗೆ ಹೋಗ್ತಿದ್ದೀನಲ್ಲ ಅಂತ ಇವತ್ತು ಜಾಸ್ತಿನೇ ಮೆತ್ತಿಕೊಂಡೆ."

ಆಮೇಲೆ ಮೊದಲಿನ ದನಿಯೇ, ಬೇರೆ ಧಾಟಿಯಲ್ಲಿ, ಕೇಳಿತು. "ಹೋದ ಸಲ, ಕ್ಯಾಂಪಲ್ಲಿ ತೆಗೆಸುವಾಗ್ಲೂ ಇದು ಇತ್ತಾ?"

"ಇತ್ತು. ಯಾವಾಗ್ಲೂ ಇರತ್ತೆ. ಅಲ್ಲಿದ್ದೋನು ಪಾಪ ಚಿಕ್ಕ ಹುಡುಗ. ಸೀರೆ ಎತ್ತೋದು ಬೇಡಮ್ಮ, ಬಟ್ಟೆ ಮೇಲಿಂದಾನೇ ಕಾಣತ್ತೆ ಅಂತ ಆ ಕಡೆ ಮುಖ ತಿರುಗಿಸ್ಕೊಂಡ. ನಾನೂ ಹೇಳ್ಲಿಲ್ಲ, ಅವನೂ ಕೇಳ್ಲಿಲ್ಲ."

ಟೆಕ್ನಿಷಿಯನ್ ಹೆಂಗಸು ಬಾಗಿಲು ತೆರೆದು ಹೊರಗೆ ಬಂದು, ಬೆಂಚಿನ ಮೇಲಿದ್ದವರನ್ನು ನೋಡಿಯೂ ನೋಡದೆ, ಡಾಕ್ಟರ ಕೋಣೆಗೆ ಬಿರಬಿರನೆ ನಡೆದಳು. ವಾಪಸ್ಸು ಬರುವಾಗ ಡಾಕ್ಟರೂ ಜೊತೆಗಿದ್ದರು. ಮೊದಲು ಪಟ್ಟು ಇದ್ದ ಹಾಗೇ ಒಂದು ಫೋಟೋ ತೆಗೆದರು. ಆಮೇಲೆ ಬಿಸಿನೀರು ತರಿಸಿ, ಹತ್ತಿಯಲ್ಲಿ ಒರೆಸಿ, ಉಗುರಿನಲ್ಲಿ ಕೆರೆದು, ಕಾಶಮ್ಮನ ಮೊಣಕಾಲು ಬಹುಕಾಲದ ನಂತರ ಬರಿಮೈಯಲ್ಲಿ ಬೆಳಕು ಕಂಡ ಮೇಲೆ ಇನ್ನೊಂದು ತೆಗೆದರು.

ಸುಘೋಷರು ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟರು. ಒಂದರಲ್ಲಿ ಮೋಡವಿತ್ತು, ಹೋದ ಸಲಕ್ಕಿಂತ ದಟ್ಟವಾಗಿ. ಇನ್ನೊಂದರಲ್ಲಿ ಆಕಾಶ ಸ್ವಚ್ಛವಾಗಿತ್ತು.

"ಸುಣ್ಣ ಅಂದ್ರೆ ಕ್ಯಾಲ್ಸಿಯಂ," ಎಂದರು ಡಾಕ್ಟರು. ಈಗ ಅವರು ನಗುತ್ತಿದ್ದರು. "ಮೂಳೆಯೊಳಗಿಂದೂ ಅದೇ, ಹೊರಗೆ ಹಚ್ಚಿದ್ದೂ ಅದೇ. ಎಕ್ಸ್‌ರೇಗೆ ಒಳಗೆ ಹೊರಗೆ ಅಂತ ಭೇದ ಗೊತ್ತಾಗಲ್ಲ. ಗಡ್ಡೆ ಇಲ್ಲ ಏನೂ ಇಲ್ಲ ಅಮ್ಮ. ಸ್ವಲ್ಪ ಸವೆದಿದೆ, ಅಷ್ಟೇ. ರೊಟ್ಟಿನ ಎತ್ತರದ ಒಲೆ ಮೇಲೆ ಮಾಡಿ."

ಕಾಶಮ್ಮ ಮೊದಲು ಡಾಕ್ಟರನ್ನು, ಆಮೇಲೆ ಪರದೆಯನ್ನು, ಆಮೇಲೆ ತಮ್ಮ ತೊಳೆದ ಮೊಣಕಾಲನ್ನು ನೋಡಿದರು. ಅವರ ಕಣ್ಣಿನಿಂದ ಎರಡು ಹನಿ ಬಿದ್ದವು. ಅದನ್ನು ಒರೆಸಿಕೊಳ್ಳದೆ ವಿಮಲಾ ಟೀಚರ ಕಡೆ ತಿರುಗಿದರು.

"ನೋಡಿದ್ರಾ? ಅವತ್ತೂ ಸುಣ್ಣವೇ, ಇವತ್ತೂ ಸುಣ್ಣವೇ."

"ಇವತ್ತಿನ ಸುಣ್ಣ ನಂದಲ್ಲ," ಎಂದರು ಟೀಚರು.

"ನಂದೇ," ಎಂದರು ಪುಷ್ಪಮ್ಮ. "ನನ್ನ ಎಲೆ ಅಡಿಕೆ ಡಬ್ಬೀದು. ದಿನಾ ಇಸ್ಕೊಂಡು ಹೋಗ್ತಾಳೆ."

ಮೂವರೂ ನಗತೊಡಗಿದರು. ಮೊದಲು ಮೆಲ್ಲಗೆ, ಆಮೇಲೆ ಹೊರಗಿನ ಸಾಲಿನಲ್ಲಿ ಕಾಯುತ್ತಿದ್ದವರು ಇಣುಕಿ ನೋಡುವ ಹಾಗೆ. ಮೂಳೆ ಡಾಕ್ಟರ ಕೋಣೆಯಿಂದ ಅಂಥ ಸದ್ದು ಕೇಳಿ ಅವರಿಗೆ ಅಭ್ಯಾಸವಿರಲಿಲ್ಲ.

ನಗದೆ ಉಳಿದವಳು ದೀಪಶ್ರೀ ಒಬ್ಬಳೇ. ಅವಳು ಎದ್ದು ನಿಂತು ಪುಷ್ಪಮ್ಮನನ್ನು ಕೇಳಿದಳು. "ಆಂಟೀ, ನಿಜ ಹೇಳಿ. ನಿಮ್ಮ ಬೀದೀಲಿ ಇನ್ನೂ ಆರು ಮನೆಗೆ ಟೋಕನ್ ಕೊಟ್ಟಿದ್ದೆ. ಅವ್ರೆಲ್ಲ ಅವರವರೇ ಬಂದಿದ್ರಾ?"

ಪುಷ್ಪಮ್ಮ ಮತ್ತೆ ಫ್ಯಾನು ನೋಡಿದರು. "ಶಿವಯೋಗಪ್ಪನೋರು ಮಾತ್ರ ಅವ್ರೇ ಬಂದಿದ್ರು," ಎಂದರು ಕೊನೆಗೆ. "ಅವ್ರಿಗೆ ಯಾರ ಜೊತೆಗೂ ಮಾತಿಲ್ಲ."

ದೀಪಶ್ರೀ ಡಾಕ್ಟರನ್ನು ನೋಡಿದಳು. "ಸದ್ಯ, ಈ ನೆರಳು ಬಂತಲ್ಲ," ಎಂದರು ಸುಘೋಷರು. "ಇಲ್ದಿದ್ರೆ ಓಲ್ಡ್ ಟೌನಲ್ಲಿ ನೋವಿಲ್ದೋರೇ ಇಲ್ಲ ಅಂತ ದಿಲ್ಲಿಗೆ ಬರೆದು ಕಳಿಸ್ತಿದ್ವಿ. ಬೀದಿ ಪೂರ್ತಿ ಮತ್ತೆ ಮಾಡೋಣ. ಈ ಸಲ ಮುಖ ನೋಡಿ, ಕಾಲು ತೊಳೆಸಿ." ಅವಳ ಕೆಲಸಕ್ಕೆ ಕುತ್ತಿಲ್ಲ ಎಂದು ತಿಳಿದ ಮೇಲೆ ದೀಪಶ್ರೀಯೂ, ತಡವಾಗಿ, ನಕ್ಕಳು.

"ಬಂದಿದ್ದೀರಲ್ಲ ಮೇಡಂ, ನಿಮ್ದೂ ಈಗ್ಲೇ ತೆಗೆದುಬಿಡೋಣ," ಎಂದಳು ವಿಮಲಾ ಟೀಚರಿಗೆ.

ಟೀಚರು ಎದೆಯುಬ್ಬಿಸಿ ಒಳಗೆ ಹೋದರು. ನೋವೇ ಇಲ್ಲದ ಕಾಲಿನ ಫೋಟೋವನ್ನು ದೇಶ ನೋಡಲಿ ಎಂಬ ಠೀವಿ. ಹೊರಗೆ ಬಂದಾಗ ಸುಘೋಷರು ಪರದೆಯ ಮೇಲೆ ಎರಡು ಮೊಣಕಾಲುಗಳನ್ನು ಜೊತೆಗಿಟ್ಟು ನೋಡುತ್ತಿದ್ದರು, ಒಂದು ಕಾಶಮ್ಮನದು, ಒಂದು ಟೀಚರದು.

"ನಿಮಗೆ ನೋವೇ ಇಲ್ವಾ?"

"ಒಂಚೂರೂ ಇಲ್ಲ."

"ಇವ್ರಿಗಿಂತ ನಿಮ್ದೇ ಹೆಚ್ಚು ಸವೆದಿದೆ."

"ಅದು ಹೇಗೆ ಸಾಧ್ಯ ಡಾಕ್ಟ್ರೇ!"

"ಫೋಟೋಗೂ ನೋವಿಗೂ ಅಂಥಾ ಹೊಂದಾಣಿಕೆ ಇಲ್ಲ ಮೇಡಂ. ಅದಕ್ಕೇ ನೋವಿಲ್ದೋರನ್ನೂ ಕರೆಯೋದು."

ವಾಪಸ್ಸು ಬರುವ ಬಸ್ಸಿನಲ್ಲಿ ಕಾಶಮ್ಮ ಟೀಚರ ಪಕ್ಕದಲ್ಲೇ ಕೂತರು, ಪುಷ್ಪಮ್ಮನನ್ನು ಕಿಟಕಿಗೆ ತಳ್ಳಿ. ಲಕ್ಕಿನಕೊಪ್ಪ ದಾಟುವವರೆಗೂ ನಾಲಿಗೆ ತಡೆದುಕೊಂಡರು. ಆಮೇಲೆ ಆಗಲಿಲ್ಲ.

"ಸೋಫಾ ಮೇಲೆ ಕೂತೇ ಸವೆಸಿದ್ರಿ," ಎಂದರು.

"ನಾಳೆ ನಿಮ್ಮ ಕಾಲಿಗೆ ಪಟ್ಟು ಹಾಕಕ್ಕೆ ಮನೆಗೆ ಬರ್ತೀನಿ," ಎಂದರು ಟೀಚರು. "ರೊಟ್ಟಿ ಒಂದೆರಡು ತೆಗೆದಿಡಿ."

ಆ ವರ್ಷದ ಲೆಕ್ಕದಲ್ಲಿ ವಿಮಲಾ ಟೀಚರ ಎಡ ಮೊಣಕಾಲು 'ಸವೆತ ಇದೆ, ನೋವು ಇಲ್ಲ' ಎಂಬ ಸಾಲಿಗೆ ಸೇರಿತು. ಕಂಪ್ಯೂಟರ್ ಹೆಸರೆತ್ತದ ಕಾಶಮ್ಮನ ಮೊಣಕಾಲು ಯಾವ ಸಾಲಿಗೂ ಸೇರಲಿಲ್ಲ. ಆದರೆ ಅದರಲ್ಲಿ ಗಡ್ಡೆ ಇರಲಿಲ್ಲ.